ಕುದುರೆ ಸಿಗದ ಲಗಾಮು

ಕುದುರೆಗಳೇ ಇಲ್ಲದ ಊರುಗಳಲ್ಲಿ ಕುದುರೆ ಲಗಾಮು ಮಾರಲು ಹೊರಟವರಿಗೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಅವೇ ನಮ್ಮ ಜೊತೆ ಬಸ್ ಹತ್ತಿ ಪಕ್ಕದ ಸೀಟಿನಲ್ಲಿ ಕೂರುತ್ತವೆ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದ ನಾನು, ಆಮೇಲಿನ ಆರು ವರ್ಷ ಲಗಾಮು ಹೆಣೆಯುವ ಒಬ್ಬ ಉಸ್ತಾದರ ಶಿಷ್ಯನಾಗಿ ಹಗರಿಬೊಮ್ಮನಹಳ್ಳಿ, ಹಡಗಲಿ, ಕೂಡ್ಲಿಗಿ ಅಂತ ಜಾನುವಾರು ಪ್ರದರ್ಶನಗಳನ್ನು ಸುತ್ತಿದೆ. ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಇಷ್ಟು ನಕ್ಕಿರಲಿಲ್ಲ. ನಕ್ಕಿದ್ದರೆ ಇನ್ನೊಂದಷ್ಟು ಹುಡುಗರು ಪಾಸಾಗುತ್ತಿದ್ದರೋ ಏನೋ.

೧. ಸೇರ್ಪಡೆ

ನಾನು ಹುಡುಗನಾಗಿದ್ದಾಗ ಕೊಟ್ಟೂರಿನ ಸ್ಟೇಷನ್ ಮುಂದೆ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದವು. ರೈಲು ಇಳಿದರೆ ಮೊದಲು ಮೂಗಿಗೆ ಬರುತ್ತಿದ್ದದ್ದು ಹಸಿ ಹುಲ್ಲು, ಕುದುರೆಯ ಬೆವರು, ಎಣ್ಣೆ ಹಚ್ಚಿದ ಚರ್ಮ, ಈ ಮೂರೂ ಕಲೆತ ವಾಸನೆ. ನನಗೆ ಅದೇ ನಮ್ಮೂರಿನ ವಾಸನೆ. ಅಪ್ಪ ಮುಂದೆ ಕೂತರೆ ನಾನು ಹಿಂದೆ ಕಾಲು ಇಳಿಬಿಟ್ಟು ಕೂತು, ದಾರಿಯೆಲ್ಲ ಹಿಂದಕ್ಕೆ ಓಡುವುದನ್ನು ನೋಡುತ್ತಿದ್ದೆ. ಆ ಕುದುರೆಗಳಿಗೆಲ್ಲ ಲಗಾಮು ಹೆಣೆಯುತ್ತಿದ್ದವರು ಒಂದೇ ಮನೆಯವರು, ನಮ್ಮ ಉಸ್ತಾದರ ತಂದೆ. ಆಟೋಗಳು ಬಂದವು. ಕುದುರೆಗಳು ಎಲ್ಲಿಗೆ ಹೋದವೋ, ಯಾರೂ ಕೇಳಲಿಲ್ಲ. ಉಸ್ತಾದರು ಅದೇ ಅಂಗಡಿಯಲ್ಲಿ ಕೂತು ಆಟೋಗಳ ಸೀಟು ಹೊಲಿಯತೊಡಗಿದರು.

ನಿವೃತ್ತನಾದ ಮರುವಾರ ಸ್ಕೂಟರಿನ ಸೀಟು ಹೊಲಿಸಲು ಹೋದೆ. ಒಳಗೆ ಮೊಳೆಗೆ ಒಂದು ಹಳೆಯ ಲಗಾಮು ತೂಗುತ್ತಿತ್ತು. ಮೂಗಿಗೆ ಹಿಡಿದೆ. ಅದೇ ವಾಸನೆ!

“ಉಸ್ತಾದ್ರ, ನನಗ ಇದನ್ನ ಕಲಸ್ರಿ” ಅಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆಳು ಗಿಡ್ಡ, ಕೈ ಮಾತ್ರ ಪೈಲ್ವಾನರದ್ದು. “ಮನಿಯಾಗ ಜಗಳ ಆಗೇತೇನ್ರಿ ಮೇಷ್ಟ್ರ?”

ಆಗಿರಲಿಲ್ಲ. ಆಮೇಲೆ ಆಯಿತು. ಚರ್ಮದ ಪಟ್ಟಿಗಳನ್ನು ನೆನೆಸಲೆಂದು ನಾನು ಬಚ್ಚಲಿನ ಬಕೆಟ್ಟಿನಲ್ಲಿ ಹಾಕಿಟ್ಟೆ. ನಮ್ಮ ಮನೆಯಾಕೆ ಪೂಜೆಗೆ ಮುಂಚೆ ಸ್ನಾನಕ್ಕೆ ಹೋದವಳು ಹೊರಗೆ ಬಂದು, “ನೋಡ್ರಿ, ಇದು ಹೊಸಲು ದಾಟಿ ಒಳಗ ಬರಾಂಗಿಲ್ಲ. ಒಂದs ಇದ್ರ ಅದಕ್ಕ ಬ್ಯಾಸರ ಆದೀತು, ಅದರ ಜೋಡಿ ನೀವೂ ಹೊರಗ ಇರ್ರಿ” ಎಂದಳು.

ಹೊರಗೆ ಕಟ್ಟೆಯ ಮೇಲೆ ಕೂತು ನಾಲ್ಕು ದಿನ ಹೆಣೆದೆ. ಮೂರೇ ಎಳೆ. ಎಳೆಗಳಿಗೆ ನಂಬರು ಬರೆದೆ, ಬಲಗಳ ನಕ್ಷೆ ತೆಗೆದೆ, ಕೋನ ಅಳೆದೆ. ಐದನೇ ದಿನ ಹೆಮ್ಮೆಯಿಂದ ಒಯ್ದು ಉಸ್ತಾದರ ಕೈಯಲ್ಲಿಟ್ಟೆ. ಅವರು ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ, ಒಂದು ಕಡೆ ನಿಂತು, ಮತ್ತೆ ಹಿಂದೆ ಬಂದು, ನಿಟ್ಟುಸಿರು ಬಿಟ್ಟರು.

“ಮೇಷ್ಟ್ರ, ಇದು ಹೆಣಿಗಿ ಅಲ್ರಿ. ಮೂರು ಮಂದಿ ಅಣ್ತಮ್ಮರು ಆಸ್ತಿ ಪಾಲು ಮಾಡ್ಕೊಳಾಕ ಹತ್ಯಾರ.”

೨. ಮಾದರಿ ತಲೆ

ಒಂದು ವರ್ಷಕ್ಕೆ ನನ್ನ ಅಣ್ಣತಮ್ಮಂದಿರು ರಾಜಿಯಾದರು. ಅಷ್ಟರಲ್ಲಿ ಉಸ್ತಾದರು ಸೀಟು ಹೊಲಿಯುವುದರ ನಡುವೆ ನಾಲ್ಕು ತಿಂಗಳು ಕೂತು ಒಂದು ಲಗಾಮು ಮುಗಿಸಿದ್ದರು. ಎಂಟೆಳೆಯ ಹೆಣಿಗೆ. ಕುದುರೆಯ ಕಿವಿಯ ಹಿಂದೆ ಬರುವ ತಲೆಪಟ್ಟಿ, ಮೂಗಿನ ಮೇಲಿನ ಪಟ್ಟಿ, ಸವಾರ ಹಿಡಿಯುವ ಉದ್ದನೆಯ ಬಾರು, ಎಲ್ಲ ಸೇರಿ ಒಂದು ಸೆಟ್ಟು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಭೂತಗನ್ನಡಿ ಹಿಡಿದರೂ ಕಾಣದು.

ಅದಕ್ಕೊಂದು ಷರತ್ತು ಹಾಕಿದರು. “ಇದನ್ನ ಗ್ವಾಡಿಗೆ ಹಾಕೋರಿಗೆ ಕೊಡಾಂಗಿಲ್ಲ. ಕುದುರಿ ತಗಂಡು ಬಂದೋರಿಗೇ ಕೊಡೋದು. ಕಣ್ಣು ಪೊರಿ ಕಟ್ಟಾಕ ಹತ್ಯಾವ ಮೇಷ್ಟ್ರ. ಪೂರಾ ಕಟ್ಟೋದರಾಗ ಇದನ್ನ ಒಂದು ಕುದುರಿ ಮ್ಯಾಲ ನೋಡಬೇಕು. ಅಷ್ಟ.”

ಅಷ್ಟೇ. ಕೇಳಲು ಸಣ್ಣ ಆಸೆ. ಆದರೆ ಐದು ತಾಲೂಕಿನಲ್ಲಿ ಕುದುರೆ ಹುಡುಕಿ ನೋಡಿ, ಗೊತ್ತಾಗುತ್ತದೆ!

ಹಗರಿಬೊಮ್ಮನಹಳ್ಳಿಯ ಪ್ರದರ್ಶನದಲ್ಲಿ ಹೋರಿಗಳ ಸಾಲಿನ ಕೊನೆಗೆ ನಮಗೊಂದು ಮೇಜು ಸಿಕ್ಕಿತು. ಬಂದವರೆಲ್ಲ ಲಗಾಮು ಎತ್ತಿ ನೋಡಿ, “ಎಮ್ಮಿಗೆ ಬರತೈತೇನ್ರಿ?” ಎಂದು ಕೇಳುವವರೇ. ಒಬ್ಬ ರೈತ, “ಇದನ್ನ ಹಾಕೋದರ ಹೆಂಗ್ರಿ?” ಎಂದ. ಉಸ್ತಾದರು ಬಾಯಲ್ಲಿ ಹೇಳಿ ನೋಡಿದರು. ಆತನ ತಲೆಗೆ ಹತ್ತಲಿಲ್ಲ. ಅತ್ತಿತ್ತ ನೋಡಿ, “ಮೇಷ್ಟ್ರ, ಒಂದೀಟು ಬಗ್ರಿ” ಎಂದು ಇಡೀ ಸೆಟ್ಟನ್ನು ನನ್ನ ತಲೆಗೆ ಏರಿಸಿದರು. ತಲೆಪಟ್ಟಿ ಕಿವಿಯ ಹಿಂದೆ, ಮೂಗುಪಟ್ಟಿ ಕನ್ನಡಕದ ಕೆಳಗೆ. ನನ್ನ ಮುಖ ಮೊದಲೇ ಉದ್ದ. ಜನ ಸೇರಿತು. ಉಸ್ತಾದರು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸುತ್ತ ವಿವರಿಸುತ್ತಿದ್ದಾಗ, ಗುಂಪಿನಿಂದ ಒಬ್ಬ ಬಂದು ನನ್ನ ಕಾಲು ಮುಟ್ಟಿದ. ನೋಡಿದರೆ ನನ್ನ ಹಳೇ ವಿದ್ಯಾರ್ಥಿ! ಈಗ ಟ್ರ್ಯಾಕ್ಟರ್ ಷೋರೂಮಿನ ಮಾಲೀಕನಂತೆ.

“ಸರ್, ಆರಾಮದೀರಾ?”

“ಆರಾಮ ಅದೀನಪ್ಪ” ಎಂದೆ, ಮೂಗುಪಟ್ಟಿಯ ಸಂದಿಯಿಂದ.

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. “ಸರ್, ನಿಮ್ಮನ್ನ ಹಿಂಗ ನೋಡಬೇಕಂತ ನಮ್ಮ ಬ್ಯಾಚಿನೋರೆಲ್ಲ ಮೂರು ವರ್ಷ ದೇವರಿಗೆ ಹರಕಿ ಹೊತ್ತಿದ್ವಿ ಸರ್!”

೩. ಗೇಣು

ಹರಪನಹಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನೊಬ್ಬ ಇದ್ದಾನೆಂದು ಚಿಗಟೇರಿಯ ನೆಂಟರಿಂದ ತಿಳಿಯಿತು. ಫೋನ್ ಮಾಡಿದೆ. “ಮೊದ್ಲು ಒಂದು ಸಾದಾ ಲಗಾಮು ಮಾಡ್ಕೊಡಿ ಸಾರ್. ಸರಿಹೋದ್ರೆ ಆ ದೊಡ್ಡದನ್ನ ನೋಡಾನ” ಅಂದ. ಉಸ್ತಾದರಿಗೆ ಆ ವಾರ ಮೊಣಕಾಲು ನೋವು. ಅಳತೆ ತರಲು ನನ್ನನ್ನೇ ಕಳಿಸಿದರು.

ನಾನು ವಿಜ್ಞಾನದವನು, ಬಿಡುತ್ತೇನೆಯೆ? ಟೇಪು ಹಿಡಿದು ಹೋಗಿ, ಕುದುರೆಯ ಮುಖವನ್ನು ಸೆಂಟಿಮೀಟರಿನ ಲೆಕ್ಕದಲ್ಲಿ, ಎರಡೆರಡು ಸಲ ಅಳೆದು, ಸರಾಸರಿ ತೆಗೆದು ತಂದೆ. ಉಸ್ತಾದರು ಚೀಟಿ ನೋಡಿ ವಾಪಸು ಕೊಟ್ಟರು. “ಇದೆಲ್ಲ ನನಗ ತಿಳಿಯಾಂಗಿಲ್ಲ. ಗೇಣಿನಾಗ ಹೇಳ್ರಿ.”

ಅದೇನು ದೊಡ್ಡ ಕೆಲಸ? ಗೇಣು ಅಂದರೆ ಒಂಬತ್ತು ಇಂಚು, ಪುಸ್ತಕದಲ್ಲೇ ಇದೆ. ಭಾಗಿಸಿ, ಇಷ್ಟು ಗೇಣು, ಇಷ್ಟು ಬೆರಳು ಎಂದು ಬರೆದುಕೊಟ್ಟೆ. ಅವರು ತಮ್ಮ ಪೈಲ್ವಾನ್ ಕೈ ಚಾಚಿ ಚಾಚಿ ಅಳೆದು ಕತ್ತರಿಸಿದರು, ಹೆಣೆದರು.

ಒಯ್ದು ಹಾಕಿದೆವು. ಹಾಕಿದೆವು ಅನ್ನುವುದಕ್ಕಿಂತ, ಕುದುರೆ ಅದರೊಳಗೆ ತಲೆ ತೂರಿಸಿತು ಅನ್ನಬೇಕು. ಹೀಗೆ ತೂರಿಸಿ, ಹಾಗೆ ತೆಗೆದು, ಕೆಳಗೆ ಬಿದ್ದ ಲಗಾಮನ್ನು ಮೂಸಿ ನೋಡಿತು. ಮಾಲೀಕ ಬಲು ಸಂಭಾವಿತ. ಗಂಟಲು ಸರಿಮಾಡಿಕೊಂಡು, “ಸಾರ್, ಇದಕ್ಕೆ ಹದಿನಾಲ್ಕು ವರ್ಷ ಆಯ್ತು. ಇನ್ನೂ ಬೆಳೆಯುತ್ತೆ ಅಂತೀರಾ?” ಎಂದ. ಆಮೇಲೆ ಅವನು ಮಿಂಚುವ ನೈಲಾನಿನದ್ದನ್ನೇ ತರಿಸಿಕೊಂಡ. ಬ್ಯಾಂಡಿನವರ ಲೈಟಿಗೆ ಅದೇ ಚೆಂದವಂತೆ. ಸಿಕ್ಕ ಒಂದು ಕುದುರೆಯೂ ಕೈಬಿಟ್ಟುಹೋಯಿತು.

ಬಸ್ಸಿಳಿದು ಅಂಗಡಿಗೆ ಬಂದು, ಉಸ್ತಾದರ ಕೈ ಚಾಚಿಸಿ ಟೇಪು ಹಿಡಿದು ನೋಡಿದೆ. ಹೆಬ್ಬೆರಳಿಂದ ಕಿರುಬೆರಳಿಗೆ ಹತ್ತೂವರೆ ಇಂಚು! ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. “ತಪ್ಪು ನಂದು, ಉಸ್ತಾದ್ರ” ಅಂದೆ.

ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. “ನಿಮ್ದೂ ಅಲ್ಲ, ನಂದೂ ಅಲ್ಲ ಬಿಡ್ರಿ” ಎಂದರು. “ಆ ಪುಸ್ತಕ ಬರದಾನಲ್ಲ, ಅವನ ಕೈ ಸಣ್ಣವು.”

೪. ಫೋಟೋದವರು

ಹಡಗಲಿಯಲ್ಲಿ ನಮ್ಮ ಪಕ್ಕದ ಮೇಜಿನವನು ಬಣ್ಣಬಣ್ಣದ ನೈಲಾನ್ ಹಗ್ಗ ಗುಡ್ಡೆ ಹಾಕಿಕೊಂಡು ಮೈಕಿನಲ್ಲಿ ಕೂಗುತ್ತಿದ್ದ. ನಮ್ಮ ಕಡೆ ನೊಣವೂ ಬರಲಿಲ್ಲ ಅಂದರೆ ಸುಳ್ಳಾದೀತು. ಚರ್ಮಕ್ಕೆ ಹಚ್ಚಿದ ಎಣ್ಣೆಗೆ ನೊಣಗಳು ಮಾತ್ರ ಬಂದವು. ಒಬ್ಬ ಟೀಚರಮ್ಮ ಸಣ್ಣ ಬಾರು ಕೊಂಡರು. ಉಸ್ತಾದರು ಸಂತೋಷದಿಂದ, “ಎಂಥಾ ಕುದುರಿ ಐತವ್ವಾ?” ಎಂದು ಕೇಳಿದರು. “ಕುದುರಿ ಎಲ್ಲೀದ್ರಿ, ವ್ಯಾನಿಟಿ ಬ್ಯಾಗಿನ ಪಟ್ಟಿ ಹರದೈತಿ” ಎಂದರು ಆಯಮ್ಮ.

ಮಧ್ಯಾಹ್ನ ಒಂದು ಜೋಡಿ ಬಂತು. ಮದುವೆ ಗೊತ್ತಾಗಿದೆಯಂತೆ. ಹಿಂದೆ ಹೆಗಲ ತುಂಬ ಕ್ಯಾಮೆರಾ ಹಾಕಿಕೊಂಡ ಫೋಟೋಗ್ರಾಫರು. ಹುಡುಗಿಯ ಜಡೆಯ ತುಂಬ ಹಡಗಲಿ ಮಲ್ಲಿಗೆ. ಎಂಟೆಳೆಯ ಲಗಾಮು ನೋಡಿದ ಕೂಡಲೇ ಅವಳು, “ಎಷ್ಟ್ ಚೆಂದ ಐತ್ರಿ, ಇದs ಬೇಕು” ಎಂದು ಹುಡುಗನ ತೋಳು ಹಿಡಿದಳು. ಹುಡುಗ ಆಗಲೇ ಜೇಬಿಗೆ ಕೈ ಹಾಕಿದ್ದ.

ಉಸ್ತಾದರ ಮುಖ ಅರಳಿತು. “ಕುದುರಿ ಎಲ್ಲೈತಪ್ಪ?”

“ಕುದುರಿ ಇಲ್ರಿ ಅಜ್ಜಾರ. ಇದನ್ನ ನಾನು ಕೈಯಾಗ ಹಿಂಗ ಹಿಡ್ಕಂಡು ನಿಲ್ತೀನಿ. ಕುದುರೀನ ಆಮ್ಯಾಲ ಇವ್ರು ಕಂಪ್ಯೂಟರಿನಾಗ ಹಾಕ್ತಾರ.”

ಉಸ್ತಾದರು ಫೋಟೋಗ್ರಾಫರನ್ನು ಮೇಲಿಂದ ಕೆಳಗೆ ನೋಡಿದರು. “ಕುದುರೀನ ಹಾಕ್ತಾನ?”

“ಹೂಂರಿ. ಬೇಕಂದ್ರ ಬಿಳೇದು, ಬೇಕಂದ್ರ ಕರೇದು.”

ಉಸ್ತಾದರು ಲಗಾಮನ್ನು ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟರು. “ಅಷ್ಟು ದೊಡ್ಡ ಕುದುರೀನ ಹಾಕೋನಿಗೆ ಲಗಾಮು ಹಾಕಾಕ ಏನು ಧಾಡಿ? ಅದನ್ನೂ ಅದರಾಗ ಹಾಕ್ಕಳ್ರಪ್ಪ.”

೫. ಕೂಡ್ಲಿಗಿಯ ಸವಾರಿ

ಉಸ್ತಾದರು ಈಗ ಹೆಣೆಯುವುದಿಲ್ಲ. ಬೆಳಿಗ್ಗೆ ಹೋದರೆ ಚಹಾ ತರಿಸಿ, ಹಳೆಯದನ್ನೆಲ್ಲ ನನ್ನ ಬಾಯಿಂದ ಹೇಳಿಸಿ, “ಹಂಗ ಆಗಿದ್ದಿಲ್ಲ ಬಿಡ್ರಿ” ಎಂದು ತಿದ್ದುತ್ತಾರೆ. ಆದರೆ ಈ ಕಡೆಯ ಪ್ರಸಂಗವನ್ನು ಮಾತ್ರ ತಿದ್ದುವುದಿಲ್ಲ. ಗೋಡೆ ಕಡೆ ತಿರುಗಿ ನಗುತ್ತಾರೆ.

ಕೂಡ್ಲಿಗಿಯ ಪ್ರದರ್ಶನಕ್ಕೆ ಹೋಗುವ ಹೊತ್ತಿಗೆ ಅವರ ಎಡಗಣ್ಣು ಪೂರಾ ಮಂಜಾಗಿತ್ತು, ಬಲಗಣ್ಣಿಗೂ ಪೊರೆ ಬರುತ್ತಿತ್ತು. ಬಸ್ಸಿನಲ್ಲಿ, “ಇದs ಕಡೀ ಸಲ ಮೇಷ್ಟ್ರ. ಇವತ್ತೂ ಕುದುರಿ ಬರಲಿಲ್ಲ ಅಂದ್ರ ಇದನ್ನ ನೀವs ಇಟ್ಕಳ್ರಿ. ನಿಮ್ಮ ತಲೀಗೆ ಚಲೋ ಕುಂದರತೈತಿ” ಎಂದರು. ನಾನು ನಕ್ಕೆ. ಲಗಾಮಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ.

ಹನ್ನೊಂದು ಗಂಟೆಯ ಸುಮಾರಿಗೆ, ಎಮ್ಮೆಗಳ ಸಾಲಿನ ಆಚೆಯಿಂದ ಒಂದು ಕೆನೆತ ಕೇಳಿತು. ಉಸ್ತಾದರು ಎದ್ದು ನಿಂತುಬಿಟ್ಟರು. ಮೊಣಕಾಲು ನೋವು ಎಲ್ಲಿ ಹೋಯಿತೋ! ನೀಲಗುಂದದ ಕಡೆಯ ರೈತನೊಬ್ಬ ತನ್ನ ಕೆಂಚು ಕುದುರೆಯನ್ನು ನಾಲ್ಕು ಜನ ನೋಡಲಿ ಅಂತ ಟೆಂಪೋದಲ್ಲಿ ತಂದಿದ್ದ. ಸಾಕುವುದು ಬರೀ ಹುಚ್ಚಿಗಂತೆ. ಮೂತಿಗೆ ಹಳದಿ ಪ್ಲಾಸ್ಟಿಕ್ ಹಗ್ಗ ಬಿಗಿದಿದ್ದ.

ನಾನು ವಿಷಯ ಹೇಳಿದೆ. “ಅದಕ್ಕೇನ್ರಿ, ಹಾಕಿ ನೋಡ್ರಿ” ಅಂದ ಪುಣ್ಯಾತ್ಮ.

ಉಸ್ತಾದರು ಮೊದಲು ಕುದುರೆಯ ಹಣೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಬಾಯಿಗೆ ಹೋಗುವ ಕಬ್ಬಿಣವನ್ನು ಅಂಗೈಯಲ್ಲಿ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿದರು. ಕುದುರೆ ತಾನಾಗಿಯೇ ಬಾಯಿ ತೆರೆಯಿತು. ತಲೆಪಟ್ಟಿ ಏರಿತು, ಮೂಗುಪಟ್ಟಿ ಕೂತಿತು. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ. ಉಸ್ತಾದರು ಕಣ್ಣಿನಿಂದ ಕಂಡಷ್ಟು ಕಂಡು, ಉಳಿದದ್ದನ್ನು ಬೆರಳಿನಿಂದ ನೋಡಿದರು. ಐವತ್ತು ವರ್ಷ ಹಿಂದಿನ ಸ್ಟೇಷನ್ನಿನ ಆ ವಾಸನೆ ಕೂಡ್ಲಿಗಿಯ ಬಿಸಿಲಿನಲ್ಲಿ ನನ್ನ ಮೂಗಿಗೆ ಬಂತು. ಇಬ್ಬರೂ ಕಣ್ಣೊರೆಸಿಕೊಂಡೆವು.

“ಇದು ನಿಂದs ಆತಪ್ಪ, ತಗಂಡು ಹೋಗು” ಎಂದರು ಉಸ್ತಾದರು.

ರೈತ ಬಿಚ್ಚಿದ ಹಳದಿ ಹಗ್ಗವನ್ನು ಸುತ್ತಿ ಜೇಬಿಗೆ ತುರುಕಿದ. “ಹಂಗಾದ್ರ ಮೊದಲ್ನೇ ಸವಾರಿ ನಿಮ್ದs ಆಗಬೇಕ್ರಿ ಅಜ್ಜಾರ!” ಎಂದ. ಜನರೂ “ಹತ್ರಿ, ಹತ್ರಿ!” ಎಂದು ಕೂಗಿದರು. ಉಸ್ತಾದರು ಬ್ಯಾಡ ಅನ್ನುವುದರೊಳಗೆ ನಾಲ್ಕು ಜನ ಎತ್ತಿ ಕೂರಿಸಿಯೂ ಆಯಿತು. ಸುಲ್ತಾನನ ಹಾಗೆ ಕಂಡರು. ಅಷ್ಟರಲ್ಲಿ ಯಾರೋ ಮೈಕಿನಲ್ಲಿ “ಹಲೋ! ಹಲೋ!” ಎಂದು ಅರಚಿದರು. ಕುದುರೆ ಬೆಚ್ಚಿ ಹೊರಟೇಬಿಟ್ಟಿತು.

“ಮೇಷ್ಟ್ರ! ಇದು ನಡ್ಯಾಕ ಹತ್ತೇತ್ರೀ!”

“ನಡೀಲಿ ಬಿಡ್ರಿ, ಕುದುರಿ ಅಲ್ಲೇನ್ರಿ!” ಎಂದೆ ನಾನು, ಇನ್ನೂ ಹೆಮ್ಮೆಯಲ್ಲಿ.

“ನಾನು ಹುಟ್ಟಿದಾಗಿಂದ ಕುದುರಿ ಹತ್ತಿಲ್ರೀ!”

ಲಗಾಮು ಹೆಣೆಯುವ ಮನೆಯಲ್ಲೇ ಹುಟ್ಟಿ ಬೆಳೆದ ಮನುಷ್ಯ! ನಡಿಗೆ ಓಟವಾಯಿತು. ಕೋಳಿ ಪಂಜರಗಳು ಉರುಳಿದವು, ಬಹುಮಾನ ಬರೆಯುತ್ತಿದ್ದ ತೀರ್ಪುಗಾರರು ಮೇಜಿನ ಕೆಳಗೆ ಸೇರಿದರು, ಟಗರುಗಳು ಒಡೆಯರನ್ನು ಎಳೆದುಕೊಂಡು ಓಡಿದವು. ಮುಂದೆ ರೈತ, ಹಿಂದೆ ಪಂಚೆ ಎತ್ತಿಕಟ್ಟಿದ ನಾನು. ಉಸ್ತಾದರು ಎರಡೂ ಕೈಯಲ್ಲಿ ಕುದುರೆಯ ಜೂಲು ಹಿಡಿದು ಬಗ್ಗಿದ್ದರು. ಎಂಟೆಳೆಯ ಬಾರು ಅದರ ಕತ್ತಿನ ಮೇಲೆ ಸುಮ್ಮನೆ ಮಲಗಿತ್ತು.

“ಉಸ್ತಾದ್ರ! ಲಗಾಮು! ಲಗಾಮು ಹಿಡದು ಎಳೀರೀ!” ಎಂದು ಮೈದಾನವೆಲ್ಲ ಕೇಳುವಂತೆ ಕೂಗಿದೆ.

ಅಷ್ಟು ದೂರದಿಂದ, ಧೂಳಿನ ನಡುವಿನಿಂದ, ಉತ್ತರ ಬಂತು:

“ಎಳದ್ರ ಹೆಣಿಗಿ ಹಿಗ್ಗತೈತ್ರೀ ಮೇಷ್ಟ್ರ!”