ಬೀರುವಿನ ಸುತ್ತ ಕಟ್ಟಿದ ಮನೆ

ಬೇರೆಯವರ ಮನೇಲಿ ನಗು ಬರಬೇಕಾದ್ರೂ ಜಗಳ ಬರಬೇಕಾದ್ರೂ ನೆಂಟರು ಬರಬೇಕು. ನಮ್ಮನೇಲಿ ಎರಡಕ್ಕೂ ಒಂದು ಬೀರು ಇದೆ, ನೆಂಟರು ಬೇಕಾಗಿಲ್ಲ.

ಕಾಡುಗೋಡಿಯಲ್ಲಿ ನಮ್ಮದು ಬಾಡಿಗೆ ರೂಮುಗಳ ಮನೆ. ಮೇಲೆಲ್ಲಾ ಟೆಕ್ ಪಾರ್ಕಿನ ಹುಡುಗರು. ಕೆಳಗೆ ನಾನು, ನಮ್ಮೆಜಮಾನ್ರು, ನಮ್ಮತ್ತೆ. ಕೆಳಗಿನ ದೊಡ್ಡ ರೂಮಿನಲ್ಲಿ ಆ ಬೀರು. "ನಾನಿರೋಗಂಟ ಅದು ಇಲ್ಲಿಂದ ಕದಲಬಾರ್ದು" ಅಂತ ಅತ್ತೆ. "ಅದನ್ನ ತೆಗೆದ್ರೆ ಒಂದು ರೂಮು ಎರಡಾಗುತ್ತೆ" ಅಂತ ಅವರ ಮಗ. ನೀನ್ಯಾರ ಕಡೆ ಅಂತ ನನ್ನನ್ನ ಮಾತ್ರ ಇಬ್ಬರೂ ಒಂದು ದಿನವೂ ಕೇಳಿದೋರಲ್ಲ.

ಅತ್ತೆಯ ಎತ್ತರ

ನಮ್ಮ ಮಾವ ಆ ಕಾಲದಲ್ಲಿ ವೈಟ್‌ಫೀಲ್ಡಿನ ಒಂದು ಬಂಗಲೆಗೆ ಹಾಲು ಹಾಕ್ತಿದ್ರಂತೆ. ಅಲ್ಲಿನ ದೊರೆಸಾನಿ ಆಸ್ಟ್ರೇಲಿಯಾಕ್ಕೆ ಹೊರಟಾಗ "ತಗೊಂಡು ಹೋಗಪ್ಪಾ" ಅಂತ ಬೀರು ಕೊಟ್ಟುಬಿಟ್ರು. ಎತ್ತಿನ ಗಾಡೀಲಿ ಬಂತು. ಮೂರು ಬಾಗಿಲು, ಒಂದೊಂದರ ತಲೆಯೂ ಚರ್ಚಿನ ಕಿಟಕಿ ಥರ ಮೇಲೆ ಹೋಗಿ ಚೂಪಾಗಿ ಸೇರುತ್ತೆ. ಅಕ್ಕಪಕ್ಕದ ಬಾಗಿಲಿಗೆ ಮೂರೆಸಳಿನ ಹೂವಿನಾಕಾರದ ಪುಟ್ಟ ತೂತುಗಳು, ಸುತ್ತಲೂ ಬಳ್ಳಿ, ಎಲೆ, ದ್ರಾಕ್ಷಿ ಗೊಂಚಲು. ಮಧ್ಯದ ಬಾಗಿಲಿಗೆ ಆಳೆತ್ತರದ ಕನ್ನಡಿ.

ಅತ್ತೆ ಆಗ ಹೊಸ ಮದುವಣಗಿತ್ತಿ. ಅಂಗೈಯಗಲದ ಕನ್ನಡೀಲಿ ಮುಖ ಬಿಟ್ಟು ಬೇರೇನೂ ನೋಡ್ಕೊಂಡಿರಲಿಲ್ಲ. "ತಲೆಯಿಂದ ಕಾಲ್ಗಂಟ ಒಟ್ಟಿಗೆ ಕಂಡೆ ನೋಡು, ಮಾತೇ ಓಯ್ತು ಕಣಮ್ಮಿ. ನಾನು ಇಷ್ಟುದ್ದ ಇದ್ದೀನಾ ಅನ್ನುಸ್ತು" ಅಂತ ಈಗಲೂ ಕಣ್ಣರಳಿಸಿ ಹೇಳ್ತಾರೆ. ಅದರೊಳಗೆ ಸೀರೆ ಇಡೋಕೆ ಧೈರ್ಯ ಬರಲಿಲ್ಲವಂತೆ. "ನನ್ನ ಎರಡು ಹಳೇ ಸೀರೆ ನೋಡಿ ಬೀರು ಏನಂದ್ಕೊಂಡಾತು?" ಇವತ್ತಿಗೂ ಒಳಗೆ ಖಾಲಿ. ಬೀಗದ ಕೈ ಮಾತ್ರ ಅವರ ಸೊಂಟ ಬಿಟ್ಟು ಇಳಿಯಲ್ಲ.

ಆ ಸಂಭ್ರಮದಲ್ಲಿ ಅತ್ತೆ ಗಂಡನ್ನೂ ಕನ್ನಡಿ ಮುಂದೆ ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡ್ರಂತೆ. ಆಗಲೇ ಗೊತ್ತಾಗಿದ್ದು, ಮಾವನಿಗಿಂತ ಅತ್ತೆ ಒಂದು ಗೇಣು ಎತ್ತರ. ಮಾವ ಬದುಕಿದ್ದಷ್ಟು ದಿನವೂ ಮತ್ತೆ ಆ ಕನ್ನಡಿ ಮುಂದೆ ಜೋಡಿಯಾಗಿ ನಿಲ್ಲಲಿಲ್ಲ.

ಹಸು ಪ್ರವೇಶ

ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟೋವಾಗ ಮೇಸ್ತ್ರಿ, "ಮೊದ್ಲು ಈ ಬೀರು ಆಚೆ ಇಡಿ" ಅಂದ. ಮಾವ, "ಅದರ ತಂಟೆಗೆ ಹೋಗ್ಬೇಡ. ಮನೇನೇ ಅದರ ಸುತ್ತ ಕಟ್ಟು" ಅಂದ್ರು. ಮೇಸ್ತ್ರಿ ಹಣೆ ಚಚ್ಚಿಕೊಂಡು ಬೀರುವಿಗೆ ಟಾರ್ಪಾಲು ಹೊದಿಸಿ ನಾಲ್ಕು ಕಡೆ ಗೋಡೆ ಎಬ್ಬಿಸಿದ. ಮನೆ ಮುಗೀತು, ಬೀರು ಮಾತ್ರ ಯಾವ ಬಾಗಿಲಲ್ಲೂ ಹಿಡಿಸದ ಹಾಗೆ ಒಳಗೇ ಉಳೀತು.

ಗೃಹಪ್ರವೇಶದ ದಿನ ಸಂಪ್ರದಾಯದಂತೆ ಮೊದಲು ಹಸು ಒಳಗೆ ಬಂತು. ಬಂದಿದ್ದೇ ಬಂದಿದ್ದು, ಕನ್ನಡಿ ಮುಂದೆ ನಿಂತು ಅದರೊಳಗಿನ ಹಸು ನೋಡ್ತಾ ಕಲ್ಲಾಗಿ ಹೋಯ್ತು. ಬೆಲ್ಲ ಕೊಟ್ರು, ಬಾಳೆಹಣ್ಣು ತೋರಿಸಿದ್ರು, ಹಿಂದಿನಿಂದ ತಳ್ಳಿದ್ರು. ಊಹೂಂ. ನಗಬೇಕು ಅನ್ನಿಸ್ತು, ಆದ್ರೆ ಅದರ ಕಣ್ಣು ನೋಡಿ ನಾವೂ ಕನ್ನಡಿ ಕಡೆ ತಿರುಗಿದ್ವಿ. ಅಷ್ಟು ದೊಡ್ಡ ಕೆತ್ತನೆ ನಡುವೆ ನಿಂತ ಆ ಹಸು ಯಾವುದೋ ಗರ್ಭಗುಡಿಯೊಳಗೆ ನಿಂತಂಗೆ ಕಾಣ್ತಿತ್ತು.

ಪುರೋಹಿತರು ಕಾದೂ ಕಾದೂ ಕೊನೆಗೆ, "ಆಯ್ತಪ್ಪಾ, ಒಂದು ಬರಬೇಕಾದ ಕಡೆ ಎರಡು ಬಂದಿವೆ. ಮಂತ್ರ ಎರಡು ಸಲ ಹೇಳ್ಬಿಡ್ತೀನಿ" ಅಂದ್ರು.

ಅರಮನೆಯಲ್ಲಿರೋನಿಗೆ ಯಾಕೆ?

ಬೀರು ಇರೋ ಆ ದೊಡ್ಡ ರೂಮಿಗೆ ಮೊದಲು ಬಂದ ಬಾಡಿಗೆ ಹುಡುಗ ಒಳಗೆ ಕಾಲಿಟ್ಟವನೇ ಚಪ್ಪಲಿ ಬಿಟ್ಟ. "ಆಂಟಿ, ಇದರ ಮುಂದೆ ಬನಿಯನ್‌ನಲ್ಲಿ ಓಡಾಡೋಕೆ ಭಯ ಆಗುತ್ತೆ" ಅಂತಿದ್ದ, ಪಾಪ.

ಮನೆಯಿಂದಲೇ ಆಫೀಸ್ ಕೆಲಸ. ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ರೆ ಬೆನ್ನ ಹಿಂದೆ ಬೀರು. ವಿಡಿಯೋ ಕಾಲಿನಲ್ಲಿ ದೇಶವಿದೇಶದೋರೆಲ್ಲಾ ಮೀಟಿಂಗ್ ಮರೆತು ಇವನ ಹಿಂದೇನೇ ನೋಡೋರಂತೆ. ಒಬ್ಬ ಬಿಳಿಯ ಸಾಹೇಬ, "ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಪ್ಪಾ, ಸರಿಯಾಗಿ ಕಾಣ್ತಿಲ್ಲ" ಅಂದನಂತೆ.

ಒಂದು ದಿನ ಹುಡುಗ ಮುಖ ಇಳಿಬಿಟ್ಕೊಂಡು ಬಂದ. "ಇಂಕ್ರಿಮೆಂಟ್ ಕೇಳ್ದೆ ಆಂಟಿ. ಮ್ಯಾನೇಜರು, 'ಅರಮನೇಲಿ ಇರೋನು ನೀನು, ನಿನಗ್ಯಾಕೆ ಗುರು ಇಂಕ್ರಿಮೆಂಟು' ಅಂದ್ಬಿಟ್ರು." ಮಾರನೇ ದಿನ ನೋಡ್ತೀನಿ, ಬೀರು ಮೇಲೆ ನನ್ನ ಹಳೇ ಬೆಡ್‌ಶೀಟು.

ಸವರಿ ನೋಡಿದವನು

ಆ ಹುಡುಗ ರೂಮು ಬಿಟ್ಟಿದ್ದೇ ತಡ, ನಮ್ಮೆಜಮಾನ್ರು ಹಳೇ ಸಾಮಾನು ಕೊಳ್ಳೋ ವ್ಯಾಪಾರಿಯೊಬ್ಬನನ್ನ ಬೆಳ್ಳಂದೂರಿಂದ ಕರೆಸಿಯೇಬಿಟ್ರು. ಆ ಮನುಷ್ಯ ಬೀರು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ವಿಕ್ಟೋರಿಯಾ ರಾಣಿ ಕಾಲದ್ದು ಸಾರ್. ಗಾಥಿಕ್ ಅಂತಾರೆ. ಆಗ ಇಂಗ್ಲೆಂಡಿನೋರಿಗೆ ಹಳೇ ಚರ್ಚುಗಳ ಮೇಲೆ ಹುಚ್ಚು ಹಿಡೀತು. ಕುರ್ಚಿ, ಮಂಚ, ಬೀರು, ಎಲ್ಲಾ ಚರ್ಚಿನ ಥರಾನೇ ಮಾಡಿಸ್ಕೊಂಡ್ರು."

"ಅಂಗಾದ್ರೆ ಬಟ್ಟೆ ತೆಗಿಯೋಕೆ ಮುಂಚೆ ಕೈ ಮುಗೀತಿದ್ರಾ?" ಅತ್ತೆ ಕೇಳಿದ್ರು.

ಆತ ಟಾರ್ಚ್ ಹಿಡಿದು ಮೇಲಿನ ಎಲೆಗಳ ಸಂದಿ ತೋರಿಸಿದ. ಅಲ್ಲೊಂದು ಪುಟ್ಟ ಹಕ್ಕಿ, ಕೊಕ್ಕಲ್ಲಿ ಒಂದು ದ್ರಾಕ್ಷಿ! ಮದುವೆಯಾಗಿ ಬಂದಾಗಿನಿಂದ ಆ ಬೀರು ಒರೆಸ್ತಾ ಇದ್ದೀನಿ, ಆ ಹಕ್ಕಿ ಕಂಡಿರಲೇ ಇಲ್ಲ. ಯಾರೂ ನೋಡದ ಜಾಗದಲ್ಲಿ ಯಾವ ಪುಣ್ಯಾತ್ಮ ಅಷ್ಟು ಪ್ರೀತಿಯಿಂದ ಕೂತು ಕೆತ್ತಿದ್ನೋ! ಇಂಥದ್ದನ್ನ ಮನೆಯಿಂದ ಆಚೆ ಕಳಿಸೋದಾ!

ವ್ಯಾಪಾರಿ ಬೀರುವನ್ನ ಮೇಲಿಂದ ಕೆಳಗೆ ಮೆಲ್ಲಗೆ ಸವರುತ್ತಾ, "ಎಷ್ಟು ವಯಸ್ಸಾಗಿದೆ, ಆದ್ರೂ ಏನು ಅಂದ, ಏನು ಅಂದ" ಅಂದ. ಅತ್ತೆ ಉದ್ದಕ್ಕೆ ಉಸಿರು ಬಿಟ್ರು. "ನಂಗೂ ಎಂಬತ್ತಾಯ್ತು. ಒಬ್ರಾದ್ರೂ ಇಂಗೊಂದು ಮಾತು ಅಂದ್ರಾ?"

ಬೀಗದ ಕೈ

ವ್ಯಾಪಾರ ಕುದುರಿ, ಕಳೆದ ಭಾನುವಾರ ವ್ಯಾಪಾರಿ ಬಡಗಿಗಳ ಸಮೇತ ಬಂದ. ಬಾಗಿಲಲ್ಲಿ ಹಿಡಿಸಲ್ಲವಲ್ಲ ಅಂದ್ರೆ, "ಇದಕ್ಕೆ ಮೊಳೆಯೇ ಇಲ್ಲ ಸಾರ್, ಬರೀ ಮರದ ಬೆಣೆ. ಬಿಡಿಬಿಡಿಯಾಗಿ ಬಿಚ್ಚಬಹುದು" ಅಂದ. ನಮ್ಮೆಜಮಾನ್ರ ಮುಖ ಅರಳ್ತು.

ಬಿಚ್ಚೋಕೆ ಬೀಗದ ಕೈ ಬೇಕು. ಅತ್ತೆ ಕಾಣಿಸ್ತಿಲ್ಲ. ರೂಮಿನಲ್ಲಿಲ್ಲ, ಹಿತ್ತಲಲ್ಲಿಲ್ಲ, ಮಹಡಿ ಮೇಲಿಲ್ಲ. "ಮುನಿಸಿಕೊಂಡು ಎಲ್ಲೋ ಕೂತವ್ಳೆ" ಅಂತ ಅವರ ಮಗ ಬೀದಿಯೆಲ್ಲಾ ಸುತ್ತಿ ಬಂದ್ರು. ವ್ಯಾಪಾರಿ, "ಪರವಾಗಿಲ್ಲ, ಮೇಲಿನಿಂದ ಶುರು ಮಾಡೋಣ" ಅಂದ. ಬಡಗಿಗಳು ಸ್ಟೂಲು ಹತ್ತಿ ಬೆಣೆ ಕಿತ್ತು, ನೆತ್ತಿಯ ಹಲಗೆ ಎತ್ತಿದ್ರು.

ಒಳಗೆ ಬಗ್ಗಿ ನೋಡಿದವನು "ಅಯ್ಯಪ್ಪಾ!" ಅಂತ ಕಿರುಚಿ ಸ್ಟೂಲಿಂದ ಜಾರಿದ. ಇನ್ನೊಬ್ಬ ಬಗ್ಗಿ ನೋಡಿ ಸುಮ್ಮನೆ ಕೈ ಮುಗಿದ.

ಒಳಗೆ ಮಣೆ ಹಾಕ್ಕೊಂಡು, ಎಲೆ ಅಡಿಕೆ ತಟ್ಟೆ ಮಡಿಲಲ್ಲಿ ಇಟ್ಕೊಂಡು ಅತ್ತೆ ಕೂತಿದ್ರು. "ಸದ್ಯ, ಬೆಳಕು ಬಂತು ಕಣ್ರಪ್ಪಾ. ಸುಣ್ಣದ ಡಬ್ಬಿ ಎಲ್ಲೈತೆ ಅಂತ ಆಗ್ಲಿಂದ ತಡಕಾಡ್ತಿದ್ದೆ."

ನಮ್ಮೆಜಮಾನ್ರು ಸ್ಟೂಲು ಹತ್ತಿದ್ರು. "ಅವ್ವಾ! ಇಲ್ಲೇನು ಮಾಡ್ತಿದ್ದೀಯಾ?"

"ನಾನಿರೋಗಂಟ ಇದು ಕದಲಬಾರ್ದು ಅಂದಿದ್ನಲ್ಲಪ್ಪಾ. ನೀನು ಸಾಗುಸ್ತೀನಿ ಅಂದೆ. ಸಾಗ್ಸು, ಇಬ್ರೂ ಒಟ್ಗೆ ಓಯ್ತೀವಿ."

ವ್ಯಾಪಾರಿ ಎರಡು ಹೆಜ್ಜೆ ಹಿಂದೆ ಸರಿದ. "ಸಾರ್, ಹಳೇ ಬೀರು ಬೇಕಾದಷ್ಟು ನೋಡಿದ್ದೀನಿ. ಯಜಮಾನಿ ಸಮೇತ ಇರೋದು ನೋಡಿದ್ದು ಇದೇ ಮೊದ್ಲು. ಇವರಿಬ್ಬರನ್ನ ಬೇರೆ ಮಾಡೋಕೆ ನನ್ನ ಕೈಲಾಗಲ್ಲ."

"ಆಯ್ತು, ಮೊದ್ಲು ನೀನು ಆಚೆ ಬಾರವ್ವಾ. ಬೀಗ ತೆಗಿ!"

"ಒಳಗಿರೋಳು ಎಂಗೋ ತೆಗೀಲಿ? ಬೀಗ ಆಕ್ದೋಳ್ನ ಕೇಳು."

ಎಲ್ಲರೂ ತಿರುಗಿ ನನ್ನ ನೋಡಿದ್ರು. ನಾನು ಸೊಂಟದಿಂದ ಬೀಗದ ಕೈ ತೆಗೆದು ಕೈಯಲ್ಲೇ ಹಿಡ್ಕೊಂಡೆ. "ಮೊದ್ಲು ಬೀರು ಇಲ್ಲೇ ಇರುತ್ತೆ ಅಂತ ಹೇಳ್ರಿ."

ನಮ್ಮೆಜಮಾನ್ರು ಒಂದು ಸಲ ನನ್ನ, ಒಂದು ಸಲ ಬೀರುವನ್ನ ನೋಡಿ, ಹಲ್ಲು ಕಚ್ಚಿಕೊಂಡು ಗೊಣಗಿದ್ರು. "ಇಲ್ಲೇ ಇರುತ್ತೆ ಕಣೇ, ತೆಗಿ."

ಒಳಗಿಂದ ಅತ್ತೆ ಕೂಗಿದ್ರು: "ಜೋರಾಗಿ ಏಳೋ, ಒಳೀಕೆ ಕೇಳುಸ್ಲಿಲ್ಲ!"