ಬೆರಳಚ್ಚಿಲ್ಲದ ಆರ್ಕಿಡ್ ಗಿಡ ಬದುಕಿರುವುದನ್ನು ದೃಢೀಕರಿಸುವ ಬಗ್ಗೆ

ಬದುಕಿರುವಿಕೆ ದೃಢೀಕರಣ ಇಲಾಖೆ
ಹಿಂದೂಪುರ ಶಾಖೆ (ಕಲ್ಯಾಣದುರ್ಗದ ಉಸ್ತುವಾರಿಯೂ ಸೇರಿ)

ಸಂಖ್ಯೆ: ಬ.ದೃ.ಇ/ಹಿಂ/ಗಿಡ-1/2025-26
ದಿನಾಂಕ: 19-05-2025

ಸುತ್ತೋಲೆ

(ತೆಲುಗು ಪ್ರತಿಯನ್ನು ಬಾಗಿಲಿಗೆ ಅಂಟಿಸಲಾಗಿತ್ತು. ಬಿಸಿಲಿಗೆ ಅಕ್ಷರ ಹೋಗಿರುವುದರಿಂದ ಕನ್ನಡ ಬಲ್ಲವರು ಮೊದಲು ಓದಿ ಉಳಿದವರಿಗೆ ಹೇಳತಕ್ಕದ್ದು.)

ವಿಷಯ: ಕಚೇರಿಯ ಜಗಲಿಯಲ್ಲಿರುವ ಆರ್ಕಿಡ್ ಗಿಡದ ನೆರಳು, ನೀರು, ಬೇರು ಹಾಗೂ ಜೀವದ ಕುರಿತು, ಮತ್ತು ಸದರಿ ಗಿಡದ ಬಗ್ಗೆ ಕದಿರಮ್ಮ ಎಂಬ ವೃದ್ಧೆ ಎತ್ತಿರುವ ತಕರಾರಿನ ಕುರಿತು.

ಉಲ್ಲೇಖ:
1. ಕಲ್ಯಾಣದುರ್ಗ ಶಾಖೆಯ ಪತ್ರ, "ಗಿಡ ಹೋಗಿದೆ, ಕುಂಡ ಚೆನ್ನಾಗಿದೆ" ಎಂಬ ಒಕ್ಕಣೆಯುಳ್ಳದ್ದು.
2. ಕದಿರಮ್ಮನವರ ಬಾಯಿಮಾತಿನ ಅರ್ಜಿ, ಮೆಟ್ಟಿಲ ಮೇಲೆ ನಿಂತು ಸಲ್ಲಿಸಿದ್ದು, ಎದುರಿನ ಟೀ ಅಂಗಡಿಯವರಿಗೂ ಕೇಳಿಸಿದ್ದು.

ಪೀಠಿಕೆ:

ಈ ಶಾಖೆಯ ಮುಖ್ಯಾಧಿಕಾರಿ ಶ್ರೀ ದಯಾನಂದ್ ಅವರು ಬೆಂಗಳೂರಿನಿಂದ ಬರುವಾಗ ಚಿಲಮತ್ತೂರಿನ ಹೆದ್ದಾರಿ ಬದಿಯ ನರ್ಸರಿಯಲ್ಲಿ ಎರಡು ಆರ್ಕಿಡ್ ಗಿಡ ಕೊಂಡು, ಆ ದಿನದಿಂದ ತಾವು ಆರ್ಕಿಡ್ ಸಂಗ್ರಾಹಕರು ಎಂದು ಸಿಬ್ಬಂದಿಗೆ ತಿಳಿಯಪಡಿಸಿರುತ್ತಾರೆ. ಒಂದು ಗಿಡವನ್ನು ಕಲ್ಯಾಣದುರ್ಗ ಶಾಖೆಗೆ ಹಂಚಿ, ಇನ್ನೊಂದನ್ನು ಇಲ್ಲಿಯೇ ಉಳಿಸಿಕೊಳ್ಳಲಾಗಿರುತ್ತದೆ. ನೇರಳೆ ಹೂವು ಇದ್ದಷ್ಟು ದಿನ ಸಿಬ್ಬಂದಿಯೆಲ್ಲ ಗಿಡದ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿದ್ದು, ಹೂವು ಉದುರಿದ ಮೇಲೆ ಯಾರೂ ಅದರ ಹೆಸರು ಎತ್ತಿರುವುದಿಲ್ಲ. ಆಮೇಲೆ ಎಲೆಯೂ ಉದುರಿ ಕಡ್ಡಿ ಮಾತ್ರ ಉಳಿದಿದ್ದು, ಜವಾನ ಮರುಳಪ್ಪನು ಅದನ್ನು ಕಸದ ಗುಂಡಿಗೆ ಒಯ್ಯುತ್ತಿದ್ದಾಗ ಮುಖ್ಯಾಧಿಕಾರಿಗಳು ಎದ್ದು ಓಡಿ ಬಂದು, "ಇಡಯ್ಯಾ ಕೆಳಗೆ! ಅದು ಸತ್ತಿಲ್ಲ, ಮಲಗೈತೆ" ಎಂದು ಆದೇಶಿಸಿರುತ್ತಾರೆ. ಈ ಇಲಾಖೆಯ ಇತಿಹಾಸದಲ್ಲಿ ಅಧಿಕಾರಿಯೊಬ್ಬರು ಒಂದು ಜೀವ ಇದೆಯೆಂದು ನೋಡಿದ ಕೂಡಲೇ ಒಪ್ಪಿದ್ದು ಇದೇ ಮೊದಲು. ಹೀಗಾಗಿ ಕೆಳಕಂಡ ನಿಯಮಗಳನ್ನು ಜಾರಿಗೆ ತರಲಾಗಿದೆ.

1. ನೆರಳು. ಆರ್ಕಿಡ್ ಗಿಡವು ಬೆಳಕನ್ನು ಬಯಸುವುದು, ಮಟಮಟ ಮಧ್ಯಾಹ್ನದ ಬಿಸಿಲನ್ನು ತಾಳಲಾರದು. ಆದಕಾರಣ, ಬದುಕಿದ್ದೇವೆಂದು ಬರೆಸಿಕೊಳ್ಳಲು ಬರುವ ಮುದುಕ ಮುದುಕಿಯರು ಈವರೆಗೆ ಕೂರುತ್ತಿದ್ದ ಜಗಲಿಯ ಮೇಲೆ ಹಸಿರು ಪರದೆ ಕಟ್ಟಿ, ಜಗಲಿಯನ್ನು ಗಿಡಕ್ಕೆ ವಹಿಸಲಾಗಿದೆ. ಸಾರ್ವಜನಿಕರು ಅಂಗಳದಲ್ಲಿ ನಿಲ್ಲತಕ್ಕದ್ದು. ಮಧ್ಯಾಹ್ನದ ನಂತರ ಪಡುವಣದಿಂದ ಬಿಸಿಲು ಓರೆಯಾಗಿ ಬೀಳುವುದರಿಂದ, ತಮ್ಮ ನೆರಳು ಕುಂಡದ ಮೇಲೆ ಬೀಳುವಂತೆ ಸಾಲು ಕಟ್ಟಲು ಈ ಮೂಲಕ ಸೂಚಿಸಲಾಗಿದೆ. ಎತ್ತರದವರು ಮುಂದೆ ಬರತಕ್ಕದ್ದು. ಬೆನ್ನು ಬಾಗಿದವರು ಅಷ್ಟು ಹೊತ್ತು ನೆಟ್ಟಗಾಗತಕ್ಕದ್ದು. ಕೊಡೆ ತಂದವರು ಗಿಡಕ್ಕೆ ಹಿಡಿಯತಕ್ಕದ್ದು.

2. ತೇವ. ಈ ಸೀಮೆಯ ಗಾಳಿ ಹಪ್ಪಳ ಒಣಗಿಸಲು ಚೆನ್ನ, ಆರ್ಕಿಡ್‌ಗೆ ಆಗದು. ಗಿಡದ ಸುತ್ತ ತೇವ ಇರಬೇಕೆಂಬ ಕಾರಣಕ್ಕೆ, ಸಾರ್ವಜನಿಕರ ಕುಡಿಯುವ ನೀರಿನ ಮಡಕೆಯನ್ನು ಕುಂಡದ ಕೆಳಗೆ ಸ್ಥಳಾಂತರಿಸಿ, ಮಡಕೆಗೆ ಸುತ್ತಿದ್ದ ಒದ್ದೆ ಗೋಣಿಯನ್ನೂ ಗಿಡದ ಹಿಂದೆ ತೂಗುಹಾಕಲಾಗಿದೆ. ಬಾಯಾರಿದವರು ಗಿಡದಿಂದ ಸಾಕಷ್ಟು ದೂರದಲ್ಲಿ ಬಾಯಾರತಕ್ಕದ್ದು. ಇದಲ್ಲದೆ, ಕಾದು ಕಾದು ಬಿಡುವ ನಿಟ್ಟುಸಿರಿನಲ್ಲಿ ಒಂದಷ್ಟು ತೇವ ಇರುವುದು ಗಮನಕ್ಕೆ ಬಂದಿದ್ದು, ನಿಟ್ಟುಸಿರು ಬಿಡುವವರು ಗಿಡದ ಕಡೆಗೆ ಮುಖ ತಿರುಗಿಸಿ ಬಿಡಲು ಕೋರಲಾಗಿದೆ. ಬೀಡಿ ಸೇದುವವರ ನಿಟ್ಟುಸಿರನ್ನು ಸ್ವೀಕರಿಸಲಾಗುವುದಿಲ್ಲ.

3. ಮಣ್ಣು, ನೀರು ಮತ್ತು ಬೇರು. ಕಲ್ಯಾಣದುರ್ಗ ಶಾಖೆಯಲ್ಲಿ ನಡೆದ ಸಂಗತಿಯನ್ನು ಎಲ್ಲರ ಎಚ್ಚರಿಕೆಗಾಗಿ ದಾಖಲಿಸಲಾಗಿದೆ. ಅಲ್ಲಿನ ಗುಮಾಸ್ತ ದೊಡ್ಡಬಸಪ್ಪನವರು ಗಿಡದ ಬೇರು ಕುಂಡದಿಂದ ಹೊರಗೆ ಚಾಚಿರುವುದನ್ನು ಕಂಡು, ಸಾಹೇಬರ ಗಿಡದ ಬೇರು ಹೀಗೆ ಬೀದಿಗೆ ಕಾಣುವುದು ಮರ್ಯಾದೆಯಲ್ಲವೆಂದು ಎಲ್ಲ ಬೇರನ್ನೂ ಒಳಗೆ ಮಡಚಿ, ಮೇಲೆ ಕೆರೆ ಮಣ್ಣು ಮೆತ್ತಿ, ಎಲೆಗಳಿಗೆ ವಿಭೂತಿ ಬಳಿದಿರುತ್ತಾರೆ. "ಸಾಹೇಬ್ರ ಗಿಡ ಕಣ್ರಪ್ಪ, ಬಾಯಾರಿಸ್ಬ್ಯಾಡಿ" ಎಂದು ಅವರು ಹೇಳಿದ್ದರಿಂದ, ಕಚೇರಿಗೆ ಬಂದವರು ಹೋದವರೆಲ್ಲ ಒಂದೊಂದು ಚೊಂಬು ನೀರು ಹೊಯ್ದಿರುತ್ತಾರೆ. ಗಿಡವು ಭಕ್ತಿಯಲ್ಲಿ ಮುಳುಗಿ ಕೊಳೆತಿರುತ್ತದೆ.

ಆದ್ದರಿಂದ ಆರ್ಕಿಡ್‌ಗೆ ಮಣ್ಣು ಹಾಕತಕ್ಕದ್ದಲ್ಲ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಸಾಕು. ಬೇರು ಬೂದುಬಣ್ಣಕ್ಕೆ ತಿರುಗಿದ್ದರೆ ಬೆಳಿಗ್ಗೆ ನೀರು ಕೊಡತಕ್ಕದ್ದು. ಹಸಿರಾಗಿದ್ದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳತಕ್ಕದ್ದು. ಹೊರಗೆ ಚಾಚಿಕೊಳ್ಳುವುದು ಈ ಬೇರಿನ ಸ್ವಭಾವ. ಅದನ್ನು ಯಾರೂ ಒಳಗೆ ತುರುಕತಕ್ಕದ್ದಲ್ಲ, ಕತ್ತರಿಸತಕ್ಕದ್ದಲ್ಲ, ಎಬ್ಬಿಸಿ ಕಳಿಸತಕ್ಕದ್ದಲ್ಲ. ಮುಖ್ಯಾಧಿಕಾರಿಗಳ ಮೇಲಿನ ಗೌರವದಿಂದ ನೀರು ಹೊಯ್ಯದೆ ಇರಲಾರದ ಸಿಬ್ಬಂದಿಗಾಗಿ ಪಕ್ಕದಲ್ಲಿ ಒಂದು ಬಕೆಟ್ ಇಡಲಾಗಿದ್ದು, ಗೌರವವನ್ನು ಅದರೊಳಗೆ ಹೊಯ್ಯತಕ್ಕದ್ದು. ಬಕೆಟ್ ಈವರೆಗೆ ಒಣಗಿಯೇ ಇದೆ. ಕುಂಡ ಮಾತ್ರ ಸೋರುತ್ತಲೇ ಇದೆ. ಇದು ಹೇಗೆಂದು ಸಿಬ್ಬಂದಿ ವಿವರಣೆ ನೀಡತಕ್ಕದ್ದು.

4. ಜೀವ. ಹೂವೂ ಎಲೆಯೂ ಇಲ್ಲದ ಆರ್ಕಿಡ್ ಬದುಕಿದೆಯೋ ಇಲ್ಲವೋ ಎಂಬುದನ್ನು ನಿಯಮದಂತೆ ಯಂತ್ರದ ಮೇಲೆ ಬೆರಳು ಒತ್ತಿಸಿಯೇ ತೀರ್ಮಾನಿಸಬೇಕಾಗಿತ್ತು. ಗಿಡಕ್ಕೆ ಬೆರಳಿಲ್ಲದ ಪ್ರಯುಕ್ತ ಮುಖ್ಯಾಧಿಕಾರಿಗಳು ದಯೆಯಿಟ್ಟು ನಿಯಮ ಸಡಿಲಿಸಿರುತ್ತಾರೆ. ಅದರಂತೆ, ಈ ಜಗಲಿಯ ಪರದೆಯ ಕೆಳಗೆ ಇರುವ ಯಾವುದೇ ಜೀವದ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿದಾಗ ಬಣ್ಣ ಬದಲಾದರೆ, ಅಥವಾ ಬೇರೆ ಯಾವುದೇ ಪ್ರತಿಕ್ರಿಯೆ ಕಂಡುಬಂದರೆ, ಅದು ಬದುಕಿದೆಯೆಂದೇ ಪರಿಗಣಿಸಿ ಪ್ರಮಾಣಪತ್ರ ನೀಡತಕ್ಕದ್ದು. ಬೆರಳು, ಕಾರ್ಡು, ಸಾಕ್ಷಿ ಯಾವುದನ್ನೂ ಕೇಳತಕ್ಕದ್ದಲ್ಲ. ಸದರಿ ಗಿಡಕ್ಕೆ ನೀರು ಚಿಮುಕಿಸದೆಯೇ, ನಂಬಿಕೆಯ ಮೇಲೆ, ದುಂಡನೆಯ ಮೊಹರು ಹಾಕಿ ಪ್ರಮಾಣಪತ್ರ ನೀಡಲಾಗಿದ್ದು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲಾಗಿದೆ.

5. ತಕರಾರು. ಕದಿರಮ್ಮನವರು ನೇಯ್ಗೆಯ ಮನೆಯವರು. ಹುಡುಗಿಯಾಗಿದ್ದಾಗಿನಿಂದ ರೇಷ್ಮೆ ಎಳೆ ಎಳೆದು ಅವರ ಬೆರಳ ಗೆರೆಗಳು ಸವೆದಿದ್ದು, ಯಂತ್ರವು ಅವರನ್ನು ಒಪ್ಪುತ್ತಿಲ್ಲ. ಯಂತ್ರ ಒಪ್ಪದಿರುವುದರಿಂದ ಈ ಕಚೇರಿಯ ಮಟ್ಟಿಗೆ ಅವರು ಬದುಕಿರುವುದಿಲ್ಲ, ಅವರ ಪಿಂಚಣಿಯೂ ನಿಂತಿದೆ. ಅವರು ಬಂದಾಗಲೆಲ್ಲ "ಖುದ್ದಾಗಿ ಹಾಜರಾಗಿ ಬೆರಳು ಕೊಡತಕ್ಕದ್ದು, ಬೆರಳು ಸವೆದಿದೆ ಎಂಬ ನೆಪ ಒಪ್ಪಲಾಗುವುದಿಲ್ಲ" ಎಂದು ನಿಯಮಾನುಸಾರ ತಿಳಿಹೇಳಿ ಬಿಸಿಲಿಗೆ ಕಳುಹಿಸಲಾಗಿರುತ್ತದೆ. ಹೀಗಿರುವಾಗ, ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಯಾರಿಂದಲೋ ಓದಿಸಿ ಕೇಳಿಕೊಂಡು ಅವರು ಹೀಗೆಂದಿರುತ್ತಾರೆ:

"ಏಮಯ್ಯಾ ಆಫೀಸರಪ್ಪಾ, ಮಾತಾಡೋ ನಾನು ಸತ್ತೋಗಿವ್ನಿ, ಮಾತಾಡ್ದಿರೋ ಕಡ್ಡಿ ಬದುಕೈತಾ? ಅದ್ಯಾವ ಬೆಟ್ಟು ಒತ್ತಿಸ್ದೆ ಅದರ ಕೈಲಿ?"

ಇಷ್ಟಕ್ಕೇ ನಿಲ್ಲದೆ ಅವರು ಪರದೆಯ ಕೆಳಗೆ ಹೋಗಿ ಕುಂಡದ ಪಕ್ಕ ಕಾಲು ಚಾಚಿ ಕುಳಿತಿರುತ್ತಾರೆ. "ಏಳಜ್ಜೀ, ಅದು ಗಿಡದ ಜಾಗ ಕಣಮ್ಮ, ಸಾಹೇಬ್ರು ಬೈತಾರೆ" ಎಂದು ಮರುಳಪ್ಪನು ಕರ್ತವ್ಯನಿಷ್ಠೆಯಿಂದ ನುಡಿದಿದ್ದು, ಅದಕ್ಕೆ ಅವರು, "ನಾನೂ ಹೂ ಬಿಟ್ಟು ಉದುರಿಸ್ಕೊಂಡೋಳೇ ಕಣ್ಲಾ. ಈಗ ಕಡ್ಡಿ ಆಗಿವ್ನಿ. ನನ್ನೂ ಮಲಗೈತೆ ಅಂತ ಬರ್ಕೊ, ಹೋಗು" ಎಂದು ಉತ್ತರಿಸಿರುತ್ತಾರೆ.

6. ಪರೀಕ್ಷೆ. ಜನ ಸೇರಿ ನಗುತ್ತಿದ್ದುದರಿಂದ, ಕಚೇರಿಯ ಘನತೆ ಕಾಪಾಡುವ ಸಲುವಾಗಿ ಪರದೆಯ ಕೆಳಗಿನ ಜೀವವನ್ನು ನಿಯಮ 4ರಂತೆ ಪರೀಕ್ಷಿಸಲು ಮುಖ್ಯಾಧಿಕಾರಿಗಳೇ ಸ್ಪ್ರೇ ಬಾಟಲಿ ಹಿಡಿದು ಹೊರಗೆ ಬಂದಿರುತ್ತಾರೆ. ಕದಿರಮ್ಮನವರು, "ಮೊದ್ಲು ಅದಕ್ಕೆ ಹೊಡಿಯಪ್ಪ, ಸರ್ಕಾರದೋರ ಲೆಕ್ಕದಾಗೆ ನನಗಿಂತ ಮೊದ್ಲು ಬದುಕಿದ್ದು ಅದೇ ಅಲ್ವಾ" ಎಂದು ಸರದಿಯನ್ನು ಗಿಡಕ್ಕೆ ಬಿಟ್ಟುಕೊಟ್ಟಿರುತ್ತಾರೆ.

(ಅ) ಗಿಡದ ಬೇರಿಗೆ ನೀರು ಚಿಮುಕಿಸಲಾಯಿತು. ಹಸಿರು ಕಾಣಲಿಲ್ಲ. ಇನ್ನೊಮ್ಮೆ ಚಿಮುಕಿಸಲಾಯಿತು. ಮುಖ್ಯಾಧಿಕಾರಿಗಳು ಬೆರಳಿನಿಂದ ಮುಟ್ಟಿದಾಗ ಬೇರು ಬೆಂದ ಸೊಪ್ಪಿನಂತೆ ಕಿತ್ತು ಕೈಗೆ ಬಂದು, ವಾಸನೆಯೂ ಬಂದಿರುತ್ತದೆ. ಸಿಬ್ಬಂದಿ ಆ ಹೊತ್ತಿನಲ್ಲಿ ಆಕಾಶ ನೋಡುತ್ತಿದ್ದರು.

(ಆ) ಕದಿರಮ್ಮನವರ ಮುಖಕ್ಕೆ ನೀರು ಚಿಮುಕಿಸಲಾಯಿತು. ಮುಖ ಕೆಂಪಗಾಯಿತು. "ಥೂ, ನಿನ್ನ ಮನೆ ಹಾಳಾಗ! ಕಣ್ಣಿಗೇ ಹೊಡೀತೀಯಲ್ಲೋ ಅಬ್ಬಾಯಿ!" ಎಂಬ ಪ್ರತಿಕ್ರಿಯೆ ಕಂಡುಬಂದಿತು. ಸೆರಗಿನಿಂದ ಮುಖ ಒರೆಸಿಕೊಂಡ ನಂತರ, "ಇನ್ನೊಂದ್ಸಲ ಹೊಡಿ. ತಣ್ಣಗೈತೆ" ಎಂಬ ಎರಡನೆಯ ಪ್ರತಿಕ್ರಿಯೆಯೂ ಕಂಡುಬಂದಿತು.

7. ತೀರ್ಮಾನ. ಮೇಲ್ಕಂಡ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಬೇರೆ ದಾರಿ ಕಾಣದೆ, ಕೆಳಕಂಡಂತೆ ಆದೇಶಿಸಲಾಗಿದೆ.

(ಅ) ನಿಯಮ 4ರ ಅನ್ವಯ ಕದಿರಮ್ಮನವರು ಬದುಕಿರುತ್ತಾರೆ. ಸದರಿ ನಿಯಮಕ್ಕೆ ಗಿಡದ ಫಾರಂ ಒಂದೇ ಇರುವುದರಿಂದ ಅದನ್ನೇ ಭರ್ತಿ ಮಾಡಲಾಗಿದೆ. ತಳಿ: ನಾಟಿ. ಗೊಬ್ಬರ: ರಾಗಿಮುದ್ದೆ. ಹೂವಿನ ಬಣ್ಣ ಯಾವುದೆಂದು ಕೇಳಲಾಗಿ, "ನಾಳೆ ಕನಕಾಂಬರ ಮುಡ್ಕೊಂಡು ಬತ್ತೀನಿ, ನೋಡ್ಕೊಂಡು ಬರ್ಕೊ" ಎಂದಿದ್ದರಿಂದ ಆ ಕಲಂ ಖಾಲಿ ಬಿಡಲಾಗಿದೆ. ಮೊಹರು ಹಾಕಲಾಗಿದೆ. ಪಿಂಚಣಿಯನ್ನು ಮತ್ತೆ ಶುರು ಮಾಡತಕ್ಕದ್ದು.

(ಆ) ಪರದೆಯ ನೆರಳು, ಮಡಕೆ ಮತ್ತು ಗೋಣಿ ಇವು ಜೀವವಿರುವ ಆರ್ಕಿಡ್‌ಗೆ ಸಲ್ಲತಕ್ಕವು. ಅಂತೆಯೇ ಇವನ್ನು ಕದಿರಮ್ಮನವರ ವಶಕ್ಕೆ ನೀಡಲಾಗಿದೆ. ಆದೇಶ ಓದುವ ಮುಂಚೆಯೇ ಅವರು ಅಂಗಳದ ಕಡೆ ತಿರುಗಿ "ಬನ್ರಮ್ಮಾ, ಎಲ್ಲಾ ಬರ್ರಿ ಈ ಕಡೆ, ನೀರೂ ಐತೆ" ಎಂದು ಕೂಗಿದ್ದು, ಸಾಲಿನಲ್ಲಿದ್ದ ಸೆಟ್ಟೂರು, ಗೋರಂಟ್ಲ ಕಡೆಯ ಮುದುಕ ಮುದುಕಿಯರೆಲ್ಲ ಜಗಲಿ ಸೇರಿರುತ್ತಾರೆ. ಇವರನ್ನು ಕದಿರಮ್ಮನವರ ಬೇರುಗಳೆಂದು ಪರಿಗಣಿಸಲಾಗಿದೆ. ನಿಯಮ 3ರಂತೆ ಇವರನ್ನು ಯಾರೂ ಎಬ್ಬಿಸಿ ಕಳಿಸತಕ್ಕದ್ದಲ್ಲ. ಒಬ್ಬೊಬ್ಬರಿಗೂ ನೀರು ಚಿಮುಕಿಸುವ ಕೆಲಸವನ್ನು ಮರುಳಪ್ಪನಿಗೆ ವಹಿಸಿದ್ದು, ಬಾಟಲಿಗೆ ಅವನು ಈಗಾಗಲೇ ಹಲವು ಸಲ ನೀರು ತುಂಬಿಸಿಕೊಂಡಿರುತ್ತಾನೆ.

(ಇ) ಆರ್ಕಿಡ್ ಗಿಡಕ್ಕೆ ಮೊಹರು ಬಿದ್ದ ಪ್ರಮಾಣಪತ್ರ ಇರುವುದರಿಂದ ಅದು ಸತ್ತಿದೆಯೆಂದು ಹೇಳಲು ಈ ಕಚೇರಿಗೆ ಅಧಿಕಾರವಿಲ್ಲ. ಆದರೆ ಅನುಮಾನ ಬಂದಿರುತ್ತದೆ. ಆದಕಾರಣ ಗಿಡವು ಅಂಗಳದ ಸಾಲಿನಲ್ಲಿ ನಿಂತು, ಖುದ್ದಾಗಿ ಹಾಜರಾಗಿ, ಯಂತ್ರಕ್ಕೆ ಬೆರಳು ಕೊಡತಕ್ಕದ್ದು. ಬೆರಳಿಲ್ಲ ಎಂಬ ನೆಪ ಒಪ್ಪಲಾಗುವುದಿಲ್ಲ.

ಓದಿಲ್ಲವೆಂದು ಹೇಳಬಯಸುವ ಸಿಬ್ಬಂದಿ ಇದನ್ನು ಪೂರ್ತಿ ಓದಿದ ನಂತರವೇ ಹಾಗೆ ಹೇಳತಕ್ಕದ್ದು.

(ಸಹಿ)
ದಯಾನಂದ್
ಮುಖ್ಯಾಧಿಕಾರಿ ಹಾಗೂ ಆರ್ಕಿಡ್ ಸಂಗ್ರಾಹಕ
ಹಿಂದೂಪುರ ಶಾಖೆ

ಪ್ರತಿಗಳು:
1. ಕಲ್ಯಾಣದುರ್ಗ ಶಾಖೆಗೆ, ಕುಂಡ ಚೆನ್ನಾಗಿರುವುದನ್ನು ಗಮನಿಸಲಾಗಿದೆ ಎಂಬ ಷರಾದೊಂದಿಗೆ.
2. ಚಿಲಮತ್ತೂರಿನ ನರ್ಸರಿಗೆ, ಇನ್ನೂ ಎರಡು ಗಿಡ ಬೇಕಾಗಿರುವ ಬಗ್ಗೆ, ಗೋಪ್ಯವಾಗಿ.
3. ಜವಾನ ಮರುಳಪ್ಪನಿಗೆ, ಬಾಟಲಿ ಕೆಳಗಿಟ್ಟ ಮೇಲೆ ಓದಿಕೊಳ್ಳಲು.
4. ಕದಿರಮ್ಮನವರಿಗೆ, ಜಗಲಿಯ ನೆರಳಿನಲ್ಲಿ.
5. ಆರ್ಕಿಡ್ ಗಿಡಕ್ಕೆ, ಸಾಲಿನ ಕೊನೆಯಲ್ಲಿ, ಬಿಸಿಲಿನಲ್ಲಿ.