ವಾಲಿಯೂ ಹಸಿರು ದೀಪವೂ

ಮನೆಯಲ್ಲಿ ಏನಾದರೂ ಕೆಟ್ಟರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಮುಖ ಗಂಭೀರ ಮಾಡಿಕೊಂಡು, ಛೆ, ಇದೂ ಕೆಟ್ಟಿತೇ ಎನ್ನುತ್ತಾ ಸ್ಕ್ರೂಡ್ರೈವರ್ ಹುಡುಕಬೇಕು. ವಿಕ್ರೋಳಿಯ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೂರುವ ನನಗೆ ದಿನವಿಡೀ ಬಿಚ್ಚಿ ಜೋಡಿಸಲು ಸಿಗುವುದು ಊಟದ ಡಬ್ಬಿ ಒಂದೇ. ಹಾಗಾಗಿ ರಜಾದಿನಗಳಲ್ಲಿ ಮಿಕ್ಸರು, ಫ್ಯಾನುಗಳ ಮೇಲೆ ನನ್ನ ಕಣ್ಣು. ನಾನು ರಿಪೇರಿ ಮಾಡಿದ ಇಸ್ತ್ರಿಪೆಟ್ಟಿಗೆಯನ್ನು ಈಗ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಡುತ್ತೇವೆ. ಬಿಸಿಯಾಗುವುದಿಲ್ಲ ಎನ್ನುವುದೊಂದು ಬಿಟ್ಟರೆ ಅದಕ್ಕೆ ಬೇರೆ ಯಾವ ದೋಷವೂ ಇಲ್ಲ.

ಆದರೆ ಆ ಭಾನುವಾರ ರೂಟರ್ ಕೆಟ್ಟಾಗ ಮಾತ್ರ ಖುಷಿಪಡುವ ಧೈರ್ಯ ನನಗೂ ಬರಲಿಲ್ಲ. ಅಂದು ಸಂಜೆ ನನ್ನ ಹೆಂಡತಿ ವಾರಿಜ ವಾಲಿಯಾಗುವವಳಿದ್ದಳು. ಆನ್‌ಲೈನ್ ತಾಳಮದ್ದಲೆ. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದಿಸಿ ಯುದ್ಧ ಮಾಡುತ್ತಾರೆ. ಭಾಗವತರು ಉಡುಪಿಯಲ್ಲಿ, ರಾಮ ದಾದರ್‌ನಲ್ಲಿ, ವಾಲಿ ಅಂಧೇರಿಯ ನಮ್ಮ ಮನೆಯಲ್ಲಿ. ಮಹಿಳಾ ತಂಡದಲ್ಲಿ ಇಷ್ಟು ವರ್ಷ ತಾರೆಯ ಪಾತ್ರ ಮಾಡಿ ಕಣ್ಣೀರು ಸುರಿಸುತ್ತಿದ್ದವಳಿಗೆ ಮೊದಲ ಸಲ ವಾಲಿ ಸಿಕ್ಕಿದ್ದ. ಅಡುಗೆಮನೆಯಲ್ಲಿ ಕುಕ್ಕರನ್ನೇ ಸುಗ್ರೀವನೆಂದು ತಿಳಿದು ಗದರಿಸಿ ಗದರಿಸಿ ತಯಾರಾಗಿದ್ದಳು. ಕುಂದಾಪುರದಲ್ಲಿರುವ ಅವಳ ಅಣ್ಣ, ವಾಲಿಯ ಅರ್ಥ ಹೇಳಲು ಹೆಂಗಸರ ಉಸಿರು ಸಾಲದು ಎಂದು ಹಿಂದೊಮ್ಮೆ ಅಂದುಬಿಟ್ಟಿದ್ದರಂತೆ. ಆ ಅಣ್ಣ ಅಂದು ಕೇಳಲು ಕೂರುವವರಿದ್ದರು.

ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಒಳಗಿನಿಂದ ಅವಳ ದನಿ ಬಂತು. "ಇಲ್ಲಿ ಬನ್ನಿ ಮಾರಾಯ್ರೆ, ನೆಟ್ ಹೋಯ್ತು."

ನಮ್ಮದು ಹಳೆಯ ಬಿಲ್ಡಿಂಗಿನ ನೆಲಮಹಡಿ. ಮೊಬೈಲಿನ ಸಿಗ್ನಲ್ ಕಿಟಕಿಯ ಗ್ರಿಲ್ ತನಕ ಬಂದು ಒಳಗೆ ಬರಲು ಸಂಕೋಚಪಡುತ್ತದೆ. ಮಗಳು ರಚನಾ, "ಪಪ್ಪಾ, ಛೋಡೋ ನಾ, ನನ್ನ ಮೊಬೈಲ್‌ದು ನೆಟ್ ಕೊಡ್ತೇನೆ" ಎಂದಳು. ಕೊಟ್ಟು ನೋಡಿದ್ದೂ ಆಯಿತು. ಪರದೆಯ ಮೇಲೆ ವಾಲಿ ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಟ್ಟ. ಹಾಗಾಗಿ ಉಳಿದಿದ್ದ ದಾರಿಯೆಂದರೆ ಟೆಲಿಫೋನ್ ತಂತಿಯಲ್ಲಿ ಬರುವ ನಮ್ಮ ಹಳೆಯ ಇಂಟರ್‌ನೆಟ್ ಮತ್ತು ನಾನು. ಬಿಲ್ಡಿಂಗಿನವರೆಲ್ಲ ಹೊಸ ಕೇಬಲ್ ಎಳೆಸಿಕೊಂಡರೂ ಈ ಫೋನ್ ನಂಬರಿನ ಮೇಲಿನ ಮೋಹದಿಂದ ಅದನ್ನು ಬಿಡದೆ ಉಳಿಸಿಕೊಂಡವನೂ ನಾನೇ. ವಾರಿಜ ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟಳು.

ರೂಟರ್ ಇರುವುದು ಒಳಕೋಣೆಯ ಬಾಗಿಲಾಚೆ, ಪ್ಯಾಸೇಜಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ಅದರ ಮುಂದೆ ಮಂಡಿಯೂರಿ ದೀಪಗಳನ್ನು ನೋಡಿದೆ. ಪವರ್ ಎಂಬ ದೀಪ ಹಸಿರಾಗಿ ನಿಂತಿತ್ತು, ಅಂದರೆ ಕರೆಂಟಿದೆ. ವೈಫೈ ದೀಪವೂ ಸರಿಯಿತ್ತು. ನಡುವೆ ಡಿಎಸ್ಎಲ್ ಎಂದು ಬರೆದ, ತಂತಿಯ ಸಂಪರ್ಕ ತೋರಿಸುವ ದೀಪ ಮಾತ್ರ ಮಿನುಗುತ್ತಿತ್ತು, ಅದರ ಪಕ್ಕದ ಇಂಟರ್‌ನೆಟ್ ದೀಪ ಆರಿಹೋಗಿತ್ತು. ರೂಟರನ್ನೇ ಆರಿಸಿ, ಸ್ವಲ್ಪ ಕಾದು, ಮತ್ತೆ ಹಚ್ಚಿದೆ. ಮಿನುಗಿತು. ಕಸ್ಟಮರ್ ಕೇರಿಗೆ ಫೋನು ಮಾಡಲು ಗ್ರಿಲ್ಲಿಗೆ ಮುಖ ಒತ್ತಿ ನಿಂತೆ. ಅಲ್ಲಿಯ ಹುಡುಗಿ ಹಿಂದಿಯಲ್ಲಿ ಬಹಳ ನಯವಾಗಿ, ಆರಿಸಿ ಹಚ್ಚಿ ನೋಡಿ ಎಂದಳು. ನೋಡಿದೆ ಎಂದೆ. ಹಾಗಾದರೆ ತಂತಿ ನೋಡಲು ಲೈನ್‌ಮನ್ ಮನೆಗೇ ಬರುತ್ತಾರೆ, ಎರಡು ದಿನ ಸಹಕರಿಸಿ ಎಂದಳು. ವಾಲಿ ಎರಡು ದಿನ ಕಾಯುವವನಲ್ಲ, ಇವತ್ತೇ ಸಂಜೆ ಸಾಯಬೇಕಾದವನು ಎಂದು ಅವಳಿಗೆ ಹಿಂದಿಯಲ್ಲಿ ವಿವರಿಸುವುದು ನನ್ನಿಂದ ಆಗಲಿಲ್ಲ.

ಆಗ ನನಗೆ ಲ್ಯಾಂಡ್‌ಲೈನ್ ಫೋನಿನ ನೆನಪಾಯಿತು. ಎರಡೂ ಒಂದೇ ತಂತಿಯವು ತಾನೇ? ರಿಸೀವರ್ ಎತ್ತಿ ಕಿವಿಗಿಟ್ಟರೆ ಹಪ್ಪಳ ಕರಿದಂಥ ಸದ್ದು. ತಪ್ಪು ರೂಟರಿನದ್ದಲ್ಲ, ತಂತಿಯದು. ಗೋಡೆಯಿಂದ ಬಂದ ತಂತಿ ಮೊದಲು ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಹೋಗಿ, ಅಲ್ಲಿಂದ ಕವಲೊಡೆದು ಒಂದು ಫೋನಿಗೆ, ಇನ್ನೊಂದು ರೂಟರಿಗೆ ಹೋಗುತ್ತದೆ. ಆ ಡಬ್ಬಿಯನ್ನು ಅಲ್ಲಾಡಿಸಿದೆ, ಒಳಗೆ ಏನೋ ಗುಲುಗುಲು ಎಂದಿತು. ಡಬ್ಬಿಯನ್ನೇ ಕಿತ್ತು, ಫೋನನ್ನೂ ಬಿಟ್ಟು, ಗೋಡೆಯ ತಂತಿಯನ್ನು ನೇರ ರೂಟರಿನ ಬೆನ್ನಿಗೆ ಚುಚ್ಚಿದೆ. ದೀಪ ಮಿನುಗಿತು, ಇನ್ನೂ ಜೋರಾಗಿ ಮಿನುಗಿತು, ಆಮೇಲೆ ನಿಂತಿತು. ಹಸಿರಾಗಿ, ಗಟ್ಟಿಯಾಗಿ, ಅಲ್ಲಾಡದೆ ನಿಂತಿತು. ತಂತಿಯನ್ನು ಒತ್ತಿಕೊಂಡೇ ಕಾದೆ. ಪಕ್ಕದ ಇಂಟರ್‌ನೆಟ್ ದೀಪವೂ ಹೊತ್ತಿತು. ನಾನು ಎದ್ದು ಪ್ಯಾಸೇಜಿನಲ್ಲಿ ಎರಡು ಹೆಜ್ಜೆ ಕುಣಿದೆ. ಅಷ್ಟರಲ್ಲಿ ಎರಡೂ ದೀಪಗಳು ಕೈಕೊಟ್ಟವು.

ತಂತಿಯ ತುದಿಯಲ್ಲಿರುವ ಪ್ಲಾಸ್ಟಿಕ್ ಕೊಕ್ಕೆ ನಾನು ಎಳೆದ ರಭಸಕ್ಕೆ ಮುರಿದಿತ್ತು. ಚುಚ್ಚಿದರೆ ನಿಲ್ಲದು, ಜಾರಿ ಹೊರಗೆ ಬರುತ್ತದೆ. ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ದೀಪ ಉರಿಯುತ್ತದೆ. ಟೇಪು ಸುತ್ತಿದೆ, ಬೆಂಕಿಕಡ್ಡಿ ಸಿಕ್ಕಿಸಿದೆ, ಆಗಲಿಲ್ಲ. ಅಷ್ಟರಲ್ಲಿ ಸಂಜೆಯಾಗಿ, ಒಳಗೆ ವಾರಿಜ ಸೀರೆಯ ನೆರಿಗೆ ಸರಿಮಾಡಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಾಗಿತ್ತು. ಭಾಗವತರ ದನಿ ಕೇಳಿಸಿತು. ನಾನು ಚಪ್ಪಲಿ ಸ್ಟ್ಯಾಂಡಿಗೆ ಒರಗಿ, ಹೆಬ್ಬೆರಳು ಒತ್ತಿ ನಿಂತೆ. ಸದ್ದು ಬಾರದಿರಲೆಂದು ರಚನಾ ನಡುವಿನ ಬಾಗಿಲು ಮುಚ್ಚಿದಳು.

ಮುಂದೆ ನಡೆದ ಯುದ್ಧದ ಬಗ್ಗೆ ನನಗೆ ಹೆಚ್ಚು ತಿಳಿಯದು. ಹೆಬ್ಬೆರಳು ಮರಗಟ್ಟಿದಾಗ ಇನ್ನೊಂದು ಕೈಗೆ ಬದಲಾಯಿಸುವ ಆ ಗಳಿಗೆಯೇ ನನ್ನ ಪಾಲಿನ ಕಿಷ್ಕಿಂಧೆ. ಕಣ್ಣು ದೀಪದ ಮೇಲೆ, ಪ್ರಾಣ ಬೆರಳಿನ ತುದಿಯಲ್ಲಿ. ಬಾಗಿಲಾಚೆಯಿಂದ ಒಮ್ಮೆ ಮಾತ್ರ, "ಎದುರು ಬಾರದೆ ಮರೆಯಲ್ಲಿ ನಿಂತೆಯಲ್ಲ, ನಾಚಿಕೆಯಾಗಲಿಲ್ಲವೇ ನಿನಗೆ" ಎಂಬ ಗರ್ಜನೆ ಸ್ಪಷ್ಟವಾಗಿ ಕೇಳಿತು. ನನಗೇ ಹೇಳಿದಳೇನೋ ಎಂದು ಬಾಗಿಲಿನತ್ತ ತಿರುಗಿದೆ. ಬೆರಳು ಮಾತ್ರ ಕದಲಲಿಲ್ಲ, ದೀಪವೂ ಮಿನುಗಲಿಲ್ಲ.

ಬಾಗಿಲು ತೆರೆದಾಗ ಅವಳ ಮುಖ ಕೆಂಪಾಗಿತ್ತು. ಗ್ರಿಲ್ಲಿನ ಬಳಿ ಮೊಬೈಲು ಒಂದೇ ಸಮನೆ ರಿಂಗಾಗುತ್ತಿತ್ತು. ಅಣ್ಣನೂ ಮಾತಾಡಿದರು. ಏನೆಂದರು ಎಂದು ಅವಳು ಹೇಳಲಿಲ್ಲ, ಆದರೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನೀವು ಹೇಳಿ, ನನ್ನ ವಾಲಿ ಹೇಗಿತ್ತು?"

"ಒಂದು ಸಲವೂ ಮಿನುಗಲಿಲ್ಲ ವಾರಿಜಾ" ಎಂದೆ.

"ನಾನು ಕೇಳಿದ್ದು ದೀಪದ್ದಲ್ಲ ಮಾರಾಯ್ರೆ" ಎಂದಳು. ಆದರೂ ನನ್ನ ಬಾತ ಬೆರಳನ್ನು ನೋಡಿ ಕರುಣೆ ಬಂದಿರಬೇಕು. ನನ್ನನ್ನು ಸೋಫಾದಲ್ಲಿ ಕೂರಿಸಿ, ಬಾಣ ತಾಗಿದ ಮೇಲಿನ ವಾಲಿಯ ಮಾತನ್ನು ನನ್ನೊಬ್ಬನಿಗಾಗಿ ಮತ್ತೊಮ್ಮೆ ಹೇಳತೊಡಗಿದಳು. ನಿಜಕ್ಕೂ ಅದ್ಭುತವಾಗಿತ್ತು, ನನ್ನ ಮೈ ಜುಮ್ಮೆಂದಿತು. ನಡುವೆ ಒಂದೇ ಒಂದು ಸಲ, ನನಗೇ ತಿಳಿಯದೆ, ಕಣ್ಣು ಚಪ್ಪಲಿ ಸ್ಟ್ಯಾಂಡಿನ ಕಡೆಗೆ ಹೊರಳಿತು. ವಾಲಿ ಅಲ್ಲಿಗೇ ಮಾತು ನಿಲ್ಲಿಸಿ ಒಳಗೆದ್ದು ಹೋದ.